ಸ್ಯಾನ್ ಹೋಸೆಯ ಮನೆ ಹಿತ್ತಲಲ್ಲಿ ಅಪ್ಪ-ಅಮ್ಮನಿಗೆ ಪುಟ್ಟ ಮನೆ ಕಟ್ಟಲು ಎಷ್ಟು ಜಾಗ ಬಿಡಬೇಕು?

ನೀವು ಕೇಳಿರುವುದು ಇಷ್ಟು: ಸ್ಯಾನ್ ಹೋಸೆಯಲ್ಲಿ ಒಂದು ಹಳೆಯ ಮನೆ ಕೊಂಡಿದ್ದೀರಿ. ಹಿತ್ತಲು ದೊಡ್ಡದಿದೆ. ಮೈಸೂರಿಂದ ಬರುವ ಅಪ್ಪ-ಅಮ್ಮನಿಗೆ ಅಲ್ಲೊಂದು ಪುಟ್ಟ ಮನೆ ಕಟ್ಟಿಸುವ ಆಸೆ. ಒಬ್ಬರು ಹಿಂದೆ 20 ಅಡಿ ಬಿಡಬೇಕು ಅಂದರು, ಇನ್ನೊಬ್ಬರು 4 ಅಡಿ ಸಾಕು ಅಂದರು. ಯಾರ ಮಾತು ನಂಬಬೇಕು?

ಇಬ್ಬರ ಮಾತೂ ನಿಜ. ಮೊದಲನೆಯವರು ನಗರದ ಜೋನಿಂಗ್ ನಿಯಮ, ಅಂದರೆ ಯಾವ ಬಡಾವಣೆಯಲ್ಲಿ ಏನು, ಹೇಗೆ ಕಟ್ಟಬಹುದು ಅನ್ನುವ ನಿಯಮ ಹೇಳಿದ್ದಾರೆ, ಎರಡನೆಯವರು ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು ಹೇಳಿದ್ದಾರೆ. ನಿಮಗೆ ಬೇಕಾಗಿರುವುದು ಎರಡನೆಯದು. ಆದರೆ ಎಷ್ಟು ಅಡಿ ಅನ್ನೋದಕ್ಕಿಂತ ಎಲ್ಲಿಂದ ಅಳೆಯಬೇಕು ಅನ್ನೋದೇ ದೊಡ್ಡ ವಿಷಯ. ನನ್ನ ಅಪ್ಪ-ಅಮ್ಮನಿಗೂ ಇದೇ ಊರಲ್ಲಿ ಹೀಗೇ ಕಟ್ಟಿಸಿದ್ದೇನೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಆ 20 ಅಡಿ ಎಲ್ಲಿಂದ ಬಂತು ನೋಡಿ. ಇಲ್ಲಿ ಬಹಳಷ್ಟು ಬಡಾವಣೆಗಳು ಆರ್-1-8 ಅನ್ನುವ ಜೋನ್‌ನಲ್ಲಿವೆ. ಒಂದು ಎಕರೆಗೆ ಎಂಟು ಮನೆ ಅಂತ ಲೆಕ್ಕ. ಅಂದರೆ ಸೈಟು ಕಡಿಮೆ ಅಂದರೂ 5,445 ಚದರ ಅಡಿ ಇರಬೇಕು. ಮುಖ್ಯ ಮನೆಗೆ ಮುಂದೆ 20 ಅಡಿ, ಪಕ್ಕಗಳಲ್ಲಿ 5 ಅಡಿ, ಹಿಂದೆ 20 ಅಡಿ ಬಿಡಬೇಕು. ಮೂಲೆ ಸೈಟಾದರೆ ಅಡ್ಡರಸ್ತೆಯ ಕಡೆಗೆ ಇನ್ನೂ ಜಾಸ್ತಿ. ನಿಮ್ಮ ವಿಳಾಸದ ಜೋನ್ ಯಾವುದು ಅಂತ ನಗರದ ವೆಬ್‌ಸೈಟಿನಲ್ಲೇ ಸಿಗುತ್ತದೆ, ಒಮ್ಮೆ ನೋಡಿಕೊಳ್ಳಿ.

ಹಿತ್ತಲ ಮನೆಗೆ, ಅಂದರೆ ಇಲ್ಲಿ ಎಲ್ಲರೂ ಎಡಿಯು ಅನ್ನುವ ಕಟ್ಟಡಕ್ಕೆ, 2020ರ ಜನವರಿಯಿಂದ ರಾಜ್ಯದ ಕಾನೂನು ಬೇರೆ ದಾರಿ ಮಾಡಿಕೊಟ್ಟಿದೆ. ಪಕ್ಕಕ್ಕೂ ಹಿಂದಕ್ಕೂ 4 ಅಡಿಗಿಂತ ಜಾಸ್ತಿ ಬಿಡಿ ಅಂತ ಯಾವ ನಗರವೂ ಒತ್ತಾಯಿಸುವಂತಿಲ್ಲ. 800 ಚದರ ಅಡಿಯವರೆಗಿನ, 16 ಅಡಿ ಎತ್ತರದೊಳಗಿನ ಮನೆಗೆ ಜಾಗ ಸಾಲದು ಅನ್ನುವ ಕಾರಣ ಕೊಟ್ಟು ಬೇಡ ಅನ್ನುವಂತೆಯೂ ಇಲ್ಲ. ಅರ್ಜಿ ಪೂರ್ತಿಯಾಗಿದ್ದರೆ 60 ದಿನದೊಳಗೆ ತೀರ್ಮಾನ ಹೇಳಬೇಕು. ಅಕ್ಕಪಕ್ಕದವರನ್ನು ಕರೆದು ವಿಚಾರಣೆ ನಡೆಸುವುದೂ ಇಲ್ಲ. ನಿಯಮಕ್ಕೆ ಸರಿಹೊಂದಿದರೆ ಪರ್ಮಿಟ್ ಕೊಡಲೇಬೇಕು. ನಿಮ್ಮ ಬಡಾವಣೆಗೆ ಮನೆ ಮಾಲೀಕರ ಸಂಘ, ಅಂದರೆ ಎಚ್‌ಒಎ ಇದ್ದರೂ ಅದು ಇದನ್ನು ಪೂರ್ತಿ ತಡೆಯಲು ಆಗುವುದಿಲ್ಲ. ನಮ್ಮಂಥವರಿಗೆ ಇದು ಬಹಳ ದೊಡ್ಡ ಅನುಕೂಲ. ವಯಸ್ಸಾದ ಅಪ್ಪ-ಅಮ್ಮ ಕೂಗಿದರೆ ಕೇಳಿಸುವಷ್ಟು ಹತ್ತಿರ ಇರುತ್ತಾರೆ, ಅವರ ಅಡುಗೆಮನೆ, ಅವರ ದೇವರ ಗೂಡು ಅವರಿಗಿರುತ್ತದೆ.

ಈಗ ಅಳತೆಯ ವಿಷಯ. ನಾಲ್ಕು ಅಡಿಯನ್ನು ಬೇಲಿಯಿಂದ ಅಳೆಯುವುದಲ್ಲ, ಸೈಟಿನ ಗಡಿ ರೇಖೆಯಿಂದ ಅಳೆಯಬೇಕು. ಎರಡೂ ಒಂದೇ ಕಡೆ ಇರುತ್ತವೆ ಅಂದುಕೊಳ್ಳಬೇಡಿ. ಹಳೆಯ ಬಡಾವಣೆಗಳಲ್ಲಿ ಮರದ ಬೇಲಿ ಎಷ್ಟೋ ಸಲ ಬದಲಾಗಿರುತ್ತದೆ. ಪ್ರತಿ ಸಲವೂ ಬೇಲಿ ಹಾಕುವವನು ಅಲ್ಲಿರುವ ಮರದ ಬೊಡ್ಡೆ, ಹಳೆಯ ಕಂಬದ ಕಾಂಕ್ರೀಟು ತಪ್ಪಿಸಿ ಸ್ವಲ್ಪ ಆಚೆ ಈಚೆ ಹಾಕಿರುತ್ತಾನೆ. ನಮ್ಮ ಮನೆಗೆ ಲೈಸೆನ್ಸ್ ಇರುವ ಲ್ಯಾಂಡ್ ಸರ್ವೇಯರನ್ನು ಕರೆಸಿದೆ. ಆತ ಹಿಂದಿನ ಮೂಲೆಯಲ್ಲಿ ಐವಿ ಬಳ್ಳಿ ಸರಿಸಿ, ಲೋಹ ಹುಡುಕುವ ಯಂತ್ರ ಆಡಿಸಿ, ಸಣ್ಣ ಸಲಿಕೆಯಲ್ಲಿ ಒಂದು ಗೇಣು ಅಗೆದ. ತುಕ್ಕು ಹಿಡಿದ ಕಬ್ಬಿಣದ ಪೈಪಿನ ತುದಿ ಕಂಡಿತು. ಅದರ ತಲೆಯ ಮೇಲೆ ಒಂದು ಪುಟ್ಟ ಬಿಲ್ಲೆ, ಬಿಲ್ಲೆಯ ಮೇಲೆ ಹಿಂದೆ ಅಳೆದ ಸರ್ವೇಯರನ ಲೈಸೆನ್ಸ್ ನಂಬರು. ಅದೇ ನಿಜವಾದ ಮೂಲೆ. ನಮ್ಮ ಬೇಲಿ ಅಲ್ಲಿಂದ 14 ಇಂಚು ಆಚೆ, ಪಕ್ಕದವರ ಜಾಗದಲ್ಲಿ ನಿಂತಿತ್ತು.

ಬೇಲಿಯಿಂದ 4 ಅಡಿ ಅಳೆದು ಗೋಡೆ ಎಬ್ಬಿಸಿದ್ದರೆ ಗಡಿಯಿಂದ 2 ಅಡಿ 10 ಇಂಚು ಮಾತ್ರ ಉಳಿಯುತ್ತಿತ್ತು. ಅದು ಎಷ್ಟು ದೊಡ್ಡ ತೊಂದರೆ ಅನ್ನುವುದು ಜೋನಿಂಗ್ ಪುಸ್ತಕದಲ್ಲಿ ಕಾಣುವುದಿಲ್ಲ, ಕಟ್ಟಡ ಸಂಹಿತೆಯಲ್ಲಿ ಕಾಣುತ್ತದೆ. ಬೆಂಕಿ ಬಿದ್ದರೆ ತಾನಾಗೇ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇಲ್ಲದ ಮನೆಯ ಗೋಡೆ ಗಡಿಗೆ 5 ಅಡಿಗಿಂತ ಹತ್ತಿರ ಇದ್ದರೆ, ಅದು ಒಂದು ಗಂಟೆ ಬೆಂಕಿ ತಡೆಯುವ ಗೋಡೆ ಆಗಿರಬೇಕು. 3ರಿಂದ 5 ಅಡಿಯ ನಡುವೆ ಇದ್ದರೆ ಆ ಗೋಡೆಯ ಕಾಲು ಭಾಗದಷ್ಟಕ್ಕೆ ಮಾತ್ರ ಕಿಟಕಿ-ಬಾಗಿಲು ಇಡಬಹುದು. 3 ಅಡಿಗಿಂತ ಹತ್ತಿರ ಬಂದರೆ ಒಂದು ಕಿಟಕಿಯೂ ಇಲ್ಲ. ಅಂದರೆ ಜೋನಿಂಗ್ 4 ಅಡಿ ಸಾಕು ಅಂದರೂ, ಆ ಕಡೆ ದೊಡ್ಡ ಕಿಟಕಿ ಬೇಕಿದ್ದರೆ 5 ಅಡಿ ಬಿಡುವುದೇ ಒಳ್ಳೆಯದು. ನನ್ನನ್ನು ಕೇಳಿದರೆ ಜಾಗ ಇದ್ದವರು 5 ಅಡಿ ಬಿಡಲಿ. ಬೆಂಕಿ ತಡೆಯುವ ಗೋಡೆಯ ಖರ್ಚೂ ಉಳಿಯುತ್ತದೆ, ಒಳಗೆ ಬೆಳಕೂ ಬರುತ್ತದೆ. ಹಗಲೆಲ್ಲ ಮನೆಯಲ್ಲೇ ಇರುವ ಹಿರಿಯರಿಗೆ ಬೆಳಕು ಬೇಕೇ ಬೇಕು.

ಬೇಲಿ ಇಷ್ಟು ವರ್ಷ ಅಲ್ಲೇ ಇತ್ತಲ್ಲ, ಆ 14 ಇಂಚಿನ ಜಾಗದ ಪಟ್ಟಿ ಈಗ ನಮ್ಮದೇ ಅಲ್ವಾ ಅಂತ ನಿಮಗೆ ಅನಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ವರ್ಷಗಟ್ಟಲೆ ಬಳಸಿದ ಅನುಭವದ ಮೇಲೆ ಜಾಗ ತನ್ನದು ಅನ್ನಬೇಕಾದರೆ, ಐದು ವರ್ಷ ಆ ತುಂಡಿನ ಪ್ರಾಪರ್ಟಿ ಟ್ಯಾಕ್ಸನ್ನೂ ಕಟ್ಟಿರಬೇಕು. ಹಾಗೆ ಕಟ್ಟಿರುವವರು ಅಪರೂಪ. ಜಗಳಕ್ಕೆ ಹೋಗದೆ ಪಕ್ಕದವರ ಜೊತೆ ಕೂತು ಮಾತಾಡಿ. ಗಡಿಯ ಬೇಲಿಯ ಖರ್ಚನ್ನು ಇಬ್ಬರೂ ಸಮ ಹಂಚಿಕೊಳ್ಳಬೇಕು ಅಂತ ಇಲ್ಲಿ ಕಾನೂನಿದೆ, 30 ದಿನ ಮುಂಚೆ ಬರಹದಲ್ಲಿ ತಿಳಿಸಬೇಕು. ನಾವು ಸರ್ವೇ ನಕ್ಷೆ ತೋರಿಸಿದೆವು, ಅವರು ಒಪ್ಪಿದರು, ಹೊಸ ಬೇಲಿ ಸರಿಯಾದ ಜಾಗಕ್ಕೆ ಬಂತು.

ಮುಂದಿನ ಕಡೆಯೂ ಹೀಗೇ ಎಚ್ಚರ ಬೇಕು. ಫುಟ್‌ಪಾತಿನ ಅಂಚಿನಿಂದಲೋ ರಸ್ತೆಯ ಅಂಚಿನಿಂದಲೋ ಅಳೆಯಬೇಡಿ. ನೀವು ನೀರು ಹಾಕಿ ಬೆಳೆಸುವ ಹುಲ್ಲಿನ ಒಂದಷ್ಟು ಭಾಗ ನಗರದ ರಸ್ತೆ ಜಾಗವೇ ಆಗಿರಬಹುದು.

ಇನ್ನೊಂದು ಮುಖ್ಯ ವಿಷಯ ನಿಮ್ಮ ಜಾಗದ ಮೇಲೆ ಇನ್ನೊಬ್ಬರಿಗಿರುವ ಬಳಕೆಯ ಹಕ್ಕು, ಅಂದರೆ ಈಸ್‌ಮೆಂಟು. ಇದನ್ನು ಜನ ಮರೆತೇಬಿಡುತ್ತಾರೆ. ನಿಮ್ಮ ಹಿತ್ತಲ ಕೊನೆಯಲ್ಲಿ ವಿದ್ಯುತ್ ಕಂಬ, ತಂತಿ ಹಾದುಹೋಗಿದೆಯಾ ನೋಡಿ. ಹೋಗಿದ್ದರೆ ಅಲ್ಲಿ ಯುಟಿಲಿಟಿ ಕಂಪನಿಗಳಿಗೆ ಹಕ್ಕಿರುವ ಒಂದು ಪಟ್ಟಿ ಇರುವ ಸಾಧ್ಯತೆ ಜಾಸ್ತಿ. ಆ ಪಟ್ಟಿ 5 ಅಡಿ ಇದ್ದರೆ ನಿಮ್ಮ 4 ಅಡಿಯ ಹಕ್ಕು ಅಲ್ಲಿ ನಡೆಯುವುದಿಲ್ಲ. ರಾಜ್ಯದ ಕಾನೂನು ಸಡಿಲಿಸಿರುವುದು ನಗರದ ಸೆಟ್‌ಬ್ಯಾಕನ್ನು, ಅಂದರೆ ಗಡಿಯಿಂದ ಬಿಡಬೇಕಾದ ಜಾಗದ ನಿಯಮವನ್ನು ಮಾತ್ರ, ಇನ್ನೊಬ್ಬರಿಗೆ ಬರೆದುಕೊಟ್ಟ ಹಕ್ಕನ್ನಲ್ಲ. ಮನೆ ಕೊಳ್ಳುವಾಗ ಕೊಟ್ಟ ಕಾಗದಗಳಲ್ಲಿ ಜಾಗದ ಮಾಲೀಕತ್ವ, ಅದರ ಮೇಲಿನ ಹಕ್ಕುಗಳನ್ನು ಹೇಳುವ ಪ್ರಿಲಿಮಿನರಿ ಟೈಟಲ್ ರಿಪೋರ್ಟ್ ಇರುತ್ತದೆ, ದಾಖಲಾದ ಈಸ್‌ಮೆಂಟುಗಳು ಅದರಲ್ಲಿ ನಮೂದಾಗಿರುತ್ತವೆ. ಸಹಿ ಹಾಕಿದ ದಿನ ಯಾರೂ ಅದನ್ನು ಪೂರ್ತಿ ಓದಿರುವುದಿಲ್ಲ. ಈಗ ತೆಗೆದು ಓದಿ. ಮುಖ್ಯ ಮನೆಯ ಒಳಚರಂಡಿ ಪೈಪು ಎಲ್ಲಿ ಹೋಗುತ್ತದೆ ಅಂತಲೂ ತಿಳಿದುಕೊಳ್ಳಿ.

ವಾಸ್ತು ನೋಡುವ ಮನೆಯಾದರೆ ಒಂದು ಮಾತು. ಹಿರಿಯರು ಉತ್ತರ, ಪೂರ್ವಕ್ಕೆ ಜಾಸ್ತಿ ಜಾಗ ಬಿಡಿ ಅಂತಾರೆ. ನಿಯಮದಲ್ಲಿ ಇರುವುದು ಕನಿಷ್ಠ ಎಷ್ಟು ಅನ್ನುವುದು ಮಾತ್ರ, ಜಾಸ್ತಿ ಬಿಡಲು ಅಡ್ಡಿಯಿಲ್ಲ. ದಕ್ಷಿಣ-ಪಶ್ಚಿಮದ ಮೂಲೆಗೆ 4 ಅಡಿ ಬಿಟ್ಟು ಅಲ್ಲಿಗೆ ಒತ್ತಿ ಕಟ್ಟಿದರೆ ಈಶಾನ್ಯ ತಾನಾಗೇ ತೆರೆದುಕೊಳ್ಳುತ್ತದೆ. ಮನೆಯವರಿಗೂ ಸಮಾಧಾನ, ನಗರಕ್ಕೂ ತಕರಾರಿಲ್ಲ.

ನಮ್ಮದೇ ಜಾಗದಲ್ಲಿ ಕಟ್ಟಬೇಡ ಅನ್ನಲು ಇವರು ಯಾರು ಅಂತಲೂ ಕೇಳಿದ್ದೀರಿ. ಆ ಪ್ರಶ್ನೆ ಸುಮಾರು ನೂರು ವರ್ಷದ ಹಿಂದೆಯೇ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ವರ್ಜೀನಿಯಾದ ರೋನೋಕ್ ನಗರದ ಸೆಟ್‌ಬ್ಯಾಕ್ ನಿಯಮವನ್ನು 1927ರಲ್ಲಿ ಗೋರೀಬ್ ವಿರುದ್ಧ ಫಾಕ್ಸ್ ಪ್ರಕರಣದಲ್ಲಿ ಕೋರ್ಟು ಎತ್ತಿಹಿಡಿಯಿತು. ಗಾಳಿ, ಬೆಳಕು, ಬೆಂಕಿ ಹರಡದಂತೆ ಅಂತರ, ಇವು ನ್ಯಾಯವಾದ ಕಾರಣಗಳೇ. ಆದರೆ ಹಿಂದೆ 20 ಅಡಿ ಖಾಲಿ ಬಿಡು ಅನ್ನುವುದಕ್ಕೆ ಈ ಕಾರಣಗಳು ಸಾಲವು. ಅಷ್ಟು ಜಾಗ ಖಾಲಿ ಬಿಡಿಸಿದ್ದೂ ಈ ಸಿಲಿಕಾನ್ ಕಣಿವೆಯಲ್ಲಿ ಮನೆಗಳು ಕಡಿಮೆಯಾಗಿ ಬೆಲೆ ಏರಲು ಒಂದು ಕಾರಣವಾಯಿತು ಅಂತ ನಾನು ನಂಬುತ್ತೇನೆ. 4 ಅಡಿಯ ಕಾನೂನು ಬಂದದ್ದು ತುಂಬಾ ಒಳ್ಳೆಯದಾಯಿತು.

ಹಿತ್ತಲಲ್ಲಿ ಈಗಾಗಲೇ ಪರ್ಮಿಟ್ ಇರುವ ಹಳೆಯ ಗ್ಯಾರೇಜು ಗಡಿಗೆ ಅಂಟಿಕೊಂಡಂತೆ ಇದ್ದರೆ ನಿಮ್ಮ ಅದೃಷ್ಟ. ಇರುವ ಕಟ್ಟಡವನ್ನೇ ಮನೆಯಾಗಿ ಬದಲಾಯಿಸುವುದಾದರೆ ಆ 4 ಅಡಿಯೂ ಬೇಕಿಲ್ಲ. ಇಲ್ಲದಿದ್ದರೆ ಮೊದಲು ಟೈಟಲ್ ರಿಪೋರ್ಟ್ ಓದಿ, ಆಮೇಲೆ ಸರ್ವೇ ಮಾಡಿಸಿ, ಅದಾದ ಮೇಲೆ ಪ್ಲಾನು ಬರೆಯುವವರ ಹತ್ತಿರ ಹೋಗಿ. ನಗರದಲ್ಲಿ ಮೊದಲೇ ಮಂಜೂರಾದ ಎಡಿಯು ಪ್ಲಾನುಗಳೂ ಸಿಗುತ್ತವೆ. 750 ಚದರ ಅಡಿಯೊಳಗೆ ಇಟ್ಟುಕೊಂಡರೆ ಹೊಸ ಮನೆಯಿಂದ ಊರಿನ ಸೌಕರ್ಯಗಳ ಮೇಲೆ ಬೀಳುವ ಹೊರೆಗೆ ಹಾಕುವ ಇಂಪ್ಯಾಕ್ಟ್ ಫೀ ಕೂಡ ಇಲ್ಲ, ಇಬ್ಬರು ಹಿರಿಯರಿಗೆ ಅಷ್ಟು ಧಾರಾಳವಾಗಿ ಸಾಕು. ಸೈಟಿನ ಉದ್ದಗಲ, ಕಂಬ ಎಲ್ಲಿದೆ ಅಂತ ಕಾಮೆಂಟಿನಲ್ಲಿ ಬರೆಯಿರಿ, ಎಲ್ಲಿ ಕೂರಿಸಬಹುದು ಅಂತ ನೋಡೋಣ.