ಜರೆಷ್ಕ್ ಕಪ್ಪಾದರೆ ಇರಾನಿನವರನ್ನು ಬೈಬೇಡಿ

ಪ್ರಶ್ನೆ: ಪುಲಾವಿಗೆ ಹಾಕುವ ಒಣಗಿದ ಹುಳಿಹಣ್ಣು ಜರೆಷ್ಕನ್ನು ಇರಾನಿನಿಂದ ತರಿಸಿ ಮಂಗಳೂರಿನಲ್ಲಿ ಮಾರುತ್ತೇನೆ. ಬಂದಾಗ ಕೆಂಪಗಿತ್ತು. ಜುಲೈ ಹೊತ್ತಿಗೆ ಕಪ್ಪಾಗಿ ಗಂಟು ಕಟ್ಟಿತು. ಕಳಿಸಿದವರು ಹಳೇ ಮಾಲು ಕೊಟ್ಟರಾ?

ಉತ್ತರ: ಈ ವರ್ಷ ಇದೇ ಪ್ರಶ್ನೆ ನಾಲ್ಕನೇ ಸಲ ಬಂದಿದೆ. ಕಳಿಸಿದವರನ್ನು ಎಲ್ಲರೂ ಬೈಯುತ್ತಾರೆ. ಗೋದಾಮು ಹೇಗಿದೆ ಅಂತ ಒಬ್ಬರೂ ಬರೆಯುವುದಿಲ್ಲ. ಶೀಟಿನ ಮಾಡು, ಅಲ್ವಾ?

ಈ ಹಣ್ಣು ಬೆಳೆಯುವುದು ಇರಾನಿನ ದಕ್ಷಿಣ ಖೊರಾಸಾನ್ ಪ್ರಾಂತ್ಯದ ಬಿರ್ಜಂದ್, ಕಾಯೆನ್ ಕಡೆ. ಮಳೆ ಕಡಿಮೆ ಇರುವ ಒಣ ಸೀಮೆ. ನಿಮ್ಮೂರಲ್ಲಿ ಮಳೆಗಾಲದ ಆಟಿ ತಿಂಗಳು ಬಂದರೆ ಉಪ್ಪಿನ ಭರಣಿಯೇ ನೀರು ಬಿಡುತ್ತದೆ. ಸಕ್ಕರೆ ಅಂಶ ತುಂಬಿದ ಹಣ್ಣು ಸುಮ್ನೆ ಇರುತ್ತಾ? ಗಂಟು ಕಟ್ಟುವುದು ತೇವದಿಂದ, ಕಪ್ಪಾಗುವುದು ಬಿಸಿಯಿಂದ. ಪ್ಯಾಕೆಟ್ ಎಷ್ಟೇ ಗಟ್ಟಿ ಇರಲಿ, ತೇವ ತಡೆದೀತು, ಬಿಸಿ ತಡೆಯಲ್ಲ. 4-5 ಡಿಗ್ರಿಯ ಕೋಲ್ಡ್ ಸ್ಟೋರೇಜ್ ಬೇಕೇ ಬೇಕು. ಬಾಡಿಗೆ ಜಾಸ್ತಿ ಅನ್ನುವವರು ಈ ವ್ಯಾಪಾರಕ್ಕೆ ಇಳಿಯಬೇಡಿ.

ಅಲ್ಲೂ ಒಂದು ಎಡವಟ್ಟು ಕಾದಿರುತ್ತದೆ. ತಣ್ಣಗಿನ ಪೆಟ್ಟಿಗೆಯನ್ನು ಹೊರಗೆ ತಂದ ಕೂಡಲೇ ಬಿಚ್ಚುತ್ತೀರಿ. ಹೊರಗಿನ ಹಸಿ ಗಾಳಿ ತಾಗಿ ಹಣ್ಣಿನ ಮೇಲೆ ಸಣ್ಣಗೆ ಬೆವರು ಮೂಡುತ್ತದೆ. ಕಣ್ಣಿಗೆ ಕಾಣಲ್ಲ, ಆದರೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಸೀಲ್ ಒಡೆಯದೆ ಒಂದು ರಾತ್ರಿ ಹೊರಗಿಟ್ಟು, ಬೆಳಿಗ್ಗೆ ಬಿಚ್ಚಿ.

ಇನ್ನೊಂದು, ಯಾವ ಬಗೆ ತರಿಸಿದಿರಿ ಅಂತ ನೀವು ಹೇಳಿಲ್ಲ. ಪುಫಕಿ ಅನ್ನುವುದನ್ನು ರೆಂಬೆ ಸಮೇತ ಕೊಯ್ದು, ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಉಬ್ಬಿಕೊಂಡು, ಹಗುರಾಗಿ, ಒಳ್ಳೆ ಕೆಂಪಗಿರುತ್ತದೆ. ಅನಾರಿ ಅನ್ನುವುದು ಗಿಡದಿಂದ ಉದುರಿಸಿ ಬಿಸಿಲಿಗೆ ಹರವಿದ್ದು. ಅಗ್ಗ, ಬಣ್ಣ ಮೊದಲೇ ಗಾಢ. ಕೊಯ್ಲು ಅಕ್ಟೋಬರ್ ಸುತ್ತ. ಹೊಸ ಪುಫಕಿ ಚಳಿಗಾಲದಲ್ಲಿ ಸಿಗುತ್ತದೆ. ಆಗ ತರಿಸಿ, ಮುಂಗಾರಿಗೆ ಮೊದಲೇ ಖಾಲಿ ಮಾಡಿ. ಏಪ್ರಿಲ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಟನ್‌ಗಟ್ಟಲೆ ತರಿಸಿದರೆ ನಾನೇನು ಮಾಡಲಿ?

ಮಾಲು ಇಳಿದ ದಿನ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಸುಕಿ, ಕೈ ಬಿಡಿಸಿ. ಕಾಳು ಕಾಳಾಗಿ ಉದುರಬೇಕು. ಉಂಡೆಯಾಗಿ ಕೂತರೆ ಅವತ್ತೇ ಫೋನ್ ಮಾಡಿ ಜಗಳ ಮಾಡಿ. ಜುಲೈನಲ್ಲಿ ಅಲ್ಲ.

ಪ್ರಶ್ನೆ: ರಾಜ್ಯದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ಇದೆ, ಸಾಕಾ?

ಸಾಲದು. ಆಮದಿಗೆ ಕೇಂದ್ರದ ಲೈಸೆನ್ಸೇ ಬೇಕು. ಕಸ್ಟಮ್ಸ್ ದಾಟುವಾಗ ಬಾಳಿಕೆಯ ಶೇ 60 ಅಥವಾ 3 ತಿಂಗಳು, ಯಾವುದು ಕಡಿಮೆಯೋ ಅಷ್ಟಾದರೂ ಉಳಿದಿರಬೇಕು.

ಪ್ರಶ್ನೆ: ಸೂಟ್‌ಕೇಸಿನಲ್ಲಿ 20 ಕಿಲೋ ತಂದು ಮಾರಬಹುದಾ?

ಇಲ್ಲ.

ಪ್ರಶ್ನೆ: ಇದನ್ನು ತಿಂದರೆ ಶುಗರ್ ಇಳಿಯುತ್ತದಂತೆ, ಪ್ಯಾಕೆಟ್ ಮೇಲೆ ಹಾಕಿಸಲಾ?

ಯಾವ ಪಂಡಿತ ಹೇಳಿದ್ದು? ಶುಗರ್ ಇಳಿಸುತ್ತದೆ ಅಂತ ಹೆಸರಾದ ಬರ್ಬೆರಿನ್ ಅನ್ನುವ ಕಹಿ ಅಂಶ ಈ ಗಿಡದ ಬೇರು, ತೊಗಟೆಯಲ್ಲಿ ಜಾಸ್ತಿ. ಹಣ್ಣಲ್ಲಿ ಇರುವುದು ಹೆಸರಿಗಷ್ಟೇ. ಹಾಗೆ ಮುದ್ರಿಸಿದರೆ ನೋಟಿಸ್ ಬರುತ್ತದೆ. ಜೊತೆಗೆ ಯಾರೋ ಬಡಪಾಯಿ ಮಾತ್ರೆ ಬಿಟ್ಟುಬಿಡುತ್ತಾನೆ.

ಪ್ರಶ್ನೆ: ಜರೆಷ್ಕ್ ಬದಲು ಪುನರ್ಪುಳಿ (ಕೋಕಂ) ಸಿಪ್ಪೆ ಹೆಚ್ಚಿ ಹಾಕಬಹುದಾ?

ಸಾರಿಗೆ ಹಾಕಿ. ಪುಲಾವನ್ನು ಅದರ ಪಾಡಿಗೆ ಬಿಡಿ.