ಇಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಬಿಚ್ಚಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಚೆಕ್ ಮಾಡಬಹುದಾ?

ಬೇಡವೇ ಬೇಡ. ನಮ್ಮ ತುಮಕೂರಿನಲ್ಲಿ ಈಗಲೂ ಕೆಲವರು ಹೀಗೆ ನೋಡುತ್ತಾರೆ. ಅದು ಅಂಬಾಸಿಡರ್ ಕಾಲದ ರೂಢಿ. ಆಗ ಕಾರಲ್ಲಿ ಕಂಪ್ಯೂಟರ್ ಇರಲಿಲ್ಲ.

ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನು ಥಟ್ಟನೆ ಬಿಡಿಸಿದರೆ ಆಲ್ಟರ್ನೇಟರ್ ಕರೆಂಟಿಗೆ ಹೋಗಲು ದಾರಿಯಿಲ್ಲ. ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ತಡೆಯುವಷ್ಟರಲ್ಲಿ ಅದು ಸಿಕ್ಕಾಪಟ್ಟೆ ಜಿಗಿದು ಕಾರಿನ ಕಂಪ್ಯೂಟರ್, ಅಂದರೆ ಇಸಿಯು, ಸುಟ್ಟುಹೋಗಬಹುದು. ಸುಮ್ನೆ ದುಬಾರಿ ಖರ್ಚು, ಅಲ್ವಾ?

ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಸಾಕು. ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಹಿಡಿಯಿರಿ. ಇಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ತೋರಿಸಬೇಕು.

ಬ್ಯಾಟರಿ ತೆಗೆಯುವಾಗ ಕೀ ಆಫ್ ಮಾಡಿ, ಮೊದಲು ಮೈನಸ್ ಬಿಚ್ಚಿ. ಆಮೇಲೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಬಾಡಿಯ ಲೋಹಕ್ಕೆ ತಗುಲಿದರೂ ಶಾರ್ಟ್ ಆಗುವುದಿಲ್ಲ. ಹಾಕುವಾಗ ಮೈನಸ್ ಕೊನೆಗೆ.

ಶಿರಾ ಗೇಟ್ ಕಡೆ ಕಾರನ್ನು ವೆಲ್ಡಿಂಗ್‌ಗೆ ಬಿಟ್ಟರೆ, ಬ್ಯಾಟರಿಯ ಎರಡೂ ವೈರ್ ಬಿಚ್ಚಿಸಿಯೇ ಕೆಲಸ ಶುರು ಮಾಡಿಸಿ.