ಆಂಬರ್‌ನ ಮೂತಿಹುಳು ಹೊಸ ಪ್ರಭೇದವೇ? – ಪ್ರತಿಕ್ರಿಯೆ

ಬಾಲ್ಟಿಕ್ ಆಂಬರ್ (ಬಾಲ್ಟಿಕ್ ಸಮುದ್ರ ಪ್ರದೇಶದ, ಕಲ್ಲಾದ ಮರದ ಅಂಟು) ತುಂಡಿನಲ್ಲಿ 3 ಮಿ.ಮೀ. ಮೂತಿಹುಳು (ಉದ್ದ ಮೂತಿಯ ಜೀರುಂಡೆ) ಇದೆ, ಕುಡಿಮೀಸೆ (ತಲೆಯ ಮೇಲಿನ ಸ್ಪರ್ಶತಂತು) ಮಸುಕಾಗಿದೆ, ಹೊಸ ಪ್ರಭೇದವೆಂದು ಹೆಸರಿಡಬಹುದೇ ಎಂದು ಕೇಳಿದ್ದೀರಿ. ಕುಡಿಮೀಸೆ ಕಾಣುವವರೆಗೆ ಹೆಸರಿನ ಮಾತೇ ಬೇಡ. ಅದು ಮೊಣಕೈಯಂತೆ ಬಾಗಿ, ಬುಡದ ಗೆಣ್ಣು ಉದ್ದವಾಗಿದ್ದರೆ ಬಹುಪಾಲು ಕರ್ಕ್ಯುಲಿಯೋನಿಡೇ ಕುಟುಂಬ. ನೇರವಾಗಿದ್ದರೆ ಅಟೆಲಾಬಿಡೇ, ಬೆಲಿಡೇ, ನೆಮೋನಿಕಿಡೇ ಮುಂತಾದ ಮೂತಿಹುಳುಗಳ ಬೇರೆ ಕುಟುಂಬಗಳ ಕಡೆ ಹುಡುಕಬೇಕು. ಕುಟುಂಬವೇ ತಪ್ಪಿದರೆ ಮುಂದಿನ ಹೋಲಿಕೆಯೆಲ್ಲ ವ್ಯರ್ಥ.

ಕುಡಿಮೀಸೆ ಕಾಣುವಂತೆ ಆಂಬರನ್ನು ಉಜ್ಜಿ ನುಣುಪು ಮಾಡುವ ಮೊದಲು ಅದರ ಮೇಲೆ ಒಂದು ಹನಿ ಗ್ಲಿಸರಿನ್ ಹಾಕಿ ಕವರ್ ಸ್ಲಿಪ್ (ತೆಳು ಗಾಜಿನ ಹಾಳೆ) ಇಟ್ಟು ನೋಡಿ. ಆಂಬರ್‌ನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಅಳತೆ) ಸುಮಾರು 1.54, ಗ್ಲಿಸರಿನ್‌ನದು 1.47; ಎರಡೂ ಹತ್ತಿರವಿರುವುದರಿಂದ ಮೇಲ್ಮೈಯ ಗೀರುಗಳು ಬಹುತೇಕ ಮಾಯವಾಗುತ್ತವೆ. ಇಷ್ಟಕ್ಕೇ ಕೆಲಸ ಮುಗಿದರೆ ಒಳ್ಳೆಯದು. ಇಲ್ಲದಿದ್ದರೆ ಹುಳುವಿನ ಪಕ್ಕಕ್ಕೆ ಸಮಾನಾಂತರವಾಗಿ 1000, 2000, 3000 ಗ್ರಿಟ್ ಉಜ್ಜುಕಾಗದದಲ್ಲಿ (ಸಂಖ್ಯೆ ಹೆಚ್ಚಾದಷ್ಟೂ ನಯ) ಕ್ರಮವಾಗಿ, ನೀರು ಹಾಕುತ್ತಲೇ ಉಜ್ಜಿ. ಒಣಗಿದಂತೆ ಉಜ್ಜಿದರೆ ಬಿಸಿಯಾಗಿ ಆಂಬರ್ ಮೆತ್ತಗಾಗುತ್ತದೆ, ಸೀಳುತ್ತದೆ. ಹುಳುವಿಗೂ ಮೇಲ್ಮೈಗೂ ನಡುವೆ 1 ಮಿ.ಮೀ. ಉಳಿಸಿ, ಕಾಲಿನ ತುದಿ ಒಮ್ಮೆ ಬಯಲಾದರೆ ಅದು ಹೋದಂತೆಯೇ.

ಮಸುಕು ಹುಳುವಿಗೇ ಅಂಟಿದ ಬಿಳಿ ಪೊರೆಯಾದರೆ (ಬಾಲ್ಟಿಕ್ ಆಂಬರ್‌ನಲ್ಲಿ ಇದು ಮಾಮೂಲು) ಎಷ್ಟು ಉಜ್ಜಿದರೂ ಹೋಗದು. ಮೈಕ್ರೋ-ಸಿಟಿ ಸ್ಕ್ಯಾನ್ (ಎಕ್ಸ್-ರೇಯಿಂದ ಒಳಗಿನ ಮೂರು ಆಯಾಮದ ಚಿತ್ರ) ಮಾಡಿಸಿ. ಪಾಲಿಶ್‌ಗೆ ಮೊದಲೇ ಮಾಡಿಸುವುದು ಇನ್ನೂ ಜಾಣತನ.

ವರ್ಣನೆಯಲ್ಲಿ ದೇಹದ ಉದ್ದ ಮೂತಿ ಬಿಟ್ಟು ಅಳೆದದ್ದೋ ಸೇರಿಸಿಯೋ ಎಂದು ಬರೆಯಿರಿ. ಇದನ್ನು ಮರೆತವರ ಅಳತೆ ಯಾರಿಗೂ ಉಪಯೋಗವಿಲ್ಲ. ಮೂತಿಯ ತೋಡು (ಕುಡಿಮೀಸೆ ಹುದುಗುವ ಕಾಲುವೆ), ಪಾದದ ಗೆಣ್ಣು, ಉಗುರು, ರೆಕ್ಕೆಗವಚದ ಗೆರೆಗಳ ಸಂಖ್ಯೆ ಬೇಕೇ ಬೇಕು. ಕಾಣದ ಭಾಗವನ್ನು ‘ಕಾಣುವುದಿಲ್ಲ’ ಎಂದೇ ದಾಖಲಿಸಿ, ಊಹಿಸಿ ಚಿತ್ರ ಬಿಡಿಸಬೇಡಿ. ಹೋಲೋಟೈಪನ್ನು (ಹೊಸ ಹೆಸರಿಗೆ ಆಧಾರವಾದ ಒಂದೇ ಮಾದರಿ, ಇಲ್ಲಿ ಈ ಹುಳು) ಸಾರ್ವಜನಿಕ ಸಂಗ್ರಹಾಲಯಕ್ಕೆ ಒಪ್ಪಿಸಿ. ಆನ್‌ಲೈನ್‌ನಲ್ಲಷ್ಟೇ ಪ್ರಕಟವಾಗುವುದಾದರೆ ಮೊದಲೇ ಲೇಖನವನ್ನು ಝೂಬ್ಯಾಂಕ್‌ನಲ್ಲಿ (ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆ) ನೋಂದಾಯಿಸಿ, ಆ ನೋಂದಣಿಯ ಪುರಾವೆ ಲೇಖನದೊಳಗೇ ಇರಲಿ; ಇಲ್ಲದಿದ್ದರೆ ಹೆಸರು ಊರ್ಜಿತವಾಗುವುದಿಲ್ಲ.